ಈರಕ್ಕನ ಹತ್ತು ನೆಟಿಗೆ

ತೊಗರಿಕೊಪ್ಪದಲ್ಲಿ ಕೋಳಿ ಕಳುವಾದರೆ ಜನ ಪೊಲೀಸ್ ಠಾಣೆಗೆ ಹೋಗುವುದಿಲ್ಲ. ಹೋಗಿ ಏನು ಹೇಳುವುದು? ಕೋಳಿಗೆ ಫೋಟೋ ಇಲ್ಲ, ರಸೀದಿ ಇಲ್ಲ. ಅದರ ಬದಲು ನಾಲ್ಕು ವೀಳ್ಯದೆಲೆ, ಎರಡು ಅಡಿಕೆ ಹಿಡಿದುಕೊಂಡು ನೆಟ್ಟಗೆ ಈರಕ್ಕನ ಮನೆಗೆ ಹೋಗುತ್ತಾರೆ. ಈರಕ್ಕ ಎಮ್ಮೆಯ ಮೈ ತಿಕ್ಕುತ್ತಲೇ, ತಲೆ ಎತ್ತದೆ, "ಏನ್ ಹೋತು?" ಎಂದು ಕೇಳುತ್ತಾಳೆ. ಹೋದದ್ದು ಕೋಳಿಯೋ, ಪಂಪ್‌ಸೆಟ್ಟಿನ ವೈರೋ, ಕಿವಿಯ ಬೆಂಡೋಲೆಯೋ, ಅವಳಿಗೆ ಎಲ್ಲ ಒಂದೇ. ಕೈ ಒರೆಸಿಕೊಂಡು ಎಲೆ ತೆಗೆದುಕೊಂಡಳೆಂದರೆ ಮಾತು ಮುಗಿಯಿತು. ಅಂದಿನಿಂದ ಮೂರನೆಯ ದಿನ, ದನ ಮೇವಿಗೆ ಹೋದ ಮೇಲೆ, ಬೇವಿನ ಕಟ್ಟೆ ಹತ್ತಿ ನಿಂತು ಈರಕ್ಕ ಬೈಯುತ್ತಾಳೆ.

ಬೈಯುವುದೆಂದರೆ ಹಲ್ಲು ಕಡಿದು ನಾಲ್ಕು ಮಾತು ಅಂದು ಕೆಳಗಿಳಿಯುವುದಲ್ಲ ಮತ್ತೆ! ಅದಕ್ಕೊಂದು ಶಿಸ್ತಿದೆ. ತಲೆಸ್ನಾನ ಆಗಿರಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು. ಯಾರ ಹೆಸರನ್ನೂ ಹೇಳುವಂತಿಲ್ಲ. "ಟಪಾಲಿಗೆ ಅಡ್ರೆಸ್ ಬೇಕು, ನನ್ನ ಬೈಗಳಕ್ಕ ಬ್ಯಾಡ. ಅದು ತಾನ ಮನಿ ಹುಡಿಕ್ಕೊಂಡ ಹೊಕ್ಕತಿ" ಎನ್ನುತ್ತಾಳೆ ಅವಳು. ಬೈದು ಮುಗಿದ ಮೇಲೆ ಒಂದು ಮುಷ್ಟಿ ಮಣ್ಣು ತೂರಿ, ಹತ್ತೂ ಬೆರಳಿನ ನೆಟಿಗೆಯನ್ನು ಒಂದೊಂದಾಗಿ ಮುರಿಯುತ್ತಾಳೆ. ಹತ್ತನೆಯ ನೆಟಿಗೆ ಲಟಕ್ಕೆಂದಾಗಲೇ ಬೈಗುಳಕ್ಕೆ ಠಸ್ಸೆ ಬಿತ್ತು ಅಂತ ಲೆಕ್ಕ. ಕೆಳಗೆ ನಿಂತ ಜನ ಉಸಿರು ಹಿಡಿದು ಎಣಿಸುತ್ತಾರೆ. ಹಾಗೆಂದು ಕದ್ದವನಿಗೆ ದಾರಿಯೇ ಇಲ್ಲವೆಂದಲ್ಲ. ಆ ಮೂರು ದಿನದೊಳಗೆ ತಂದು ಕಟ್ಟೆಯ ಮೇಲೆ ಇಟ್ಟುಹೋದರೆ ಯಾರೂ ಅವನನ್ನು ಏನೂ ಕೇಳುವಂತಿಲ್ಲ. ಬಹುಪಾಲು ಕೋಳಿಗಳು ಎರಡನೆಯ ದಿನವೇ, ಕಾಲು ಕಟ್ಟಿಸಿಕೊಂಡು, ಕಟ್ಟೆಯ ಮೇಲೆ ಕೊಕ್ಕೊಕ್ಕೋ ಅನ್ನುತ್ತಿರುತ್ತವೆ.

ಈರಕ್ಕನ ತವರು ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಕಡೆ. ಮದುವೆಯಾಗಿ ಬಂದಾಗ ಹೊಸ ಸೊಸೆಗೆ ಬಾಯಿಯೇ ಇಲ್ಲವೆಂದು ಅತ್ತೆ ಓಣಿಯಲ್ಲೆಲ್ಲ ಹೊಗಳಿಕೊಂಡು ತಿರುಗಿದ್ದಳು, ಪಾಪ. ಗಂಡ ಕರಿಬಸಪ್ಪನಂತೂ ಬೀದಿನಾಯಿಗೂ "ಸರೀರಿ" ಎನ್ನುವಂಥ ಸಾಧು. ಮದುವೆಯಾಗಿ ಆರು ತಿಂಗಳಿಗೆ ಎಮ್ಮೆಯ ಸರಪಳಿ ಕಳುವಾಯಿತು. ಕರಿಬಸಪ್ಪ "ಹೋಗ್ಲಿ ಬಿಡು, ಪಾಪ, ಅವನಿಗೂ ಎಮ್ಮಿ ಇರಬೇಕು" ಅಂದ. ಆ ಮಾತು ಕೇಳಿದ್ದೇ ತಡ, ಈರಕ್ಕ ಸೆರಗು ಸಿಕ್ಕಿಸಿ ಹೊರಗೆ ಬಿದ್ದಳು. ಅಂದು ಅವಳ ಬಾಯಿಂದ ಬಂದದ್ದನ್ನು ಕೇಳಿ ಗಿರಣಿಯಲ್ಲಿದ್ದವರು ಹಿಟ್ಟು ಬಿಟ್ಟು ಬಂದರು, ಅತ್ತೆ ದೇವರ ಮನೆ ಸೇರಿದಳು. ಸಂಜೆಗೆ ಸರಪಳಿ ಬಂದು ಬಾಗಿಲಲ್ಲಿ ಬಿದ್ದಿತ್ತು, ಜೊತೆಗೆ ಯಾರದೋ ಹೊಸ ಗಂಟೆ ಬೇರೆ. ಅಂದಿನಿಂದ ಇಂದಿನವರೆಗೆ ನಲವತ್ತು ವರ್ಷ. ಕರಿಬಸಪ್ಪ ಹೋಗಿ ಒಂಬತ್ತು ವರ್ಷವಾಯಿತು. ಮಗ ಸಿದ್ದಲಿಂಗ ಭತ್ತ, ಗೋವಿನಜೋಳ ಬೆಳೆಯುತ್ತಾನೆ, ಸೊಸೆ ರಾಜಶ್ರೀಗೆ ಮದುವೆಯಾದ ಏಳು ವರ್ಷಕ್ಕೆ ಈಗ ಐದು ತಿಂಗಳು. ಈರಕ್ಕನ ಗಂಟಲು ಮಾತ್ರ ಹಾಗೇ ಇದೆ.

ಇಂಥ ಊರಿಗೆ ಪಂಚಾಯಿತಿ ಚುನಾವಣೆ ಬಂತು.

ಬಂದದ್ದು ಸುಮ್ಮನೆ ಬರಲಿಲ್ಲ. ಗೊಬ್ಬರದಂಗಡಿಯ ಅಂದಾನೆಪ್ಪನಿಗೆ ಕುಕ್ಕರ್ ಚಿಹ್ನೆ ಸಿಕ್ಕಿತು, ಟ್ರ್ಯಾಕ್ಟರ್ ಜ್ಯೋತಿಬಾನಿಗೆ ಮಂಚ. ಎರಡು ವಾರ ಹಿಂದೆ ಒಂದೇ ಬೀಡಿಯನ್ನು ಇಬ್ಬರು ಸೇದುತ್ತಿದ್ದವರು ಈಗ ಒಬ್ಬರು ಕುಕ್ಕರಿನವರು, ಒಬ್ಬರು ಮಂಚದವರು. ಕುಕ್ಕರಿನವರು ಓಣಿಯಲ್ಲಿ ಹೋಗುವಾಗ ಬಾಯಿಂದಲೇ ಸೀಟಿ ಹಾಕುತ್ತಿದ್ದರು. ಮಂಚದವರು ನಿಜವಾದ ಮಂಚವೊಂದನ್ನು ಹೊತ್ತು ಮೆರವಣಿಗೆ ತೆಗೆದು, ಅದರ ಮೇಲೆ ಜ್ಯೋತಿಬಾನನ್ನು ಕೂರಿಸಿ, ತಿರುವಿನಲ್ಲಿ ಕೆಡವಿದ್ದೂ ಆಯಿತು. ಸಿದ್ದಲಿಂಗ ಕುಕ್ಕರಿನವನು. ಅದೂ ಅಂಥಿಂಥ ಕುಕ್ಕರಿನವನಲ್ಲ, ಮನೆಯಲ್ಲಿ ರಾಜಶ್ರೀ ಮಂಚದ ಮೇಲೆ ಮಲಗಿದರೂ ಮುಖ ಗಂಟಿಕ್ಕುತ್ತಿದ್ದ.

ಒಂದು ಮುಂಜಾನೆ ಬಸ್ ನಿಲ್ದಾಣದ ಬಳಿ ಕಟ್ಟಿದ ಅಂದಾನೆಪ್ಪನ ಬ್ಯಾನರಿನಲ್ಲಿ ಮುಖವಿರಲಿಲ್ಲ. ಯಾರೋ ಬ್ಲೇಡಿನಿಂದ ದುಂಡಗೆ ಕೊರೆದಿದ್ದರು. ಕೈ ಮುಗಿದ ಅಂದಾನೆಪ್ಪನ ಕುತ್ತಿಗೆಯ ಮೇಲೆ ಆ ತೂತಿನಲ್ಲಿ ಹಿಂದಿನ ಹುಣಸೆಮರ ಕಾಣುತ್ತಿತ್ತು. ಅಂದಾನೆಪ್ಪ ಎಲೆ-ಅಡಿಕೆ ಹಿಡಿದು ಬಂದ. ಈರಕ್ಕ ಸ್ವಲ್ಪ ಹೊತ್ತು ಯೋಚಿಸಿದಳು, ಏಕೆಂದರೆ ಇದು ಕಳವಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅವಳಿಗೂ ತಿಳಿಯಲಿಲ್ಲ.

"ನಿನ್ನ ಮಾರಿ ಒಯ್ದು ಏನ್ ಮಾಡ್ತಾರೋ ಅಂದಾನೆಪ್ಪಾ?"

"ಮಾರಿ ಅಲ್ಲವಾ, ನನ್ನ ಬಾಯಿ ಬಂದ್ ಮಾಡಾಕತ್ತಾರ. ನಾ ಓಟ ಕೇಳೂ ಹಕ್ಕ ಕಸಗೊಂಡಂಗ ಆತಲ್ಲ ಇದು!"

ಕಸಿದುಕೊಳ್ಳುವುದು ಅಂದ ಮೇಲೆ ಅದು ಕಳವೇ. ಎಲೆ ತೆಗೆದುಕೊಂಡಳು. ಮೂರನೆಯ ದಿನ ಬೈದಳು, ಹತ್ತೂ ನೆಟಿಗೆ ಮುರಿದಳು. ಮರುದಿನ ಮಂಚದ ಕಡೆಯ ಮೂವರಿಗೆ ಹೊಟ್ಟೆ ಕೆಟ್ಟಿತು. ಮೂವರೂ ಹಿಂದಿನ ದಿನ ಒಂದೇ ಕಡೆ ಹಳಸಿದ ಮೀನು ತಿಂದಿದ್ದರೆಂಬುದು ಬೇರೆ ಮಾತು, ಅದನ್ನು ಯಾರು ಕೇಳುತ್ತಾರೆ? ಕುಕ್ಕರಿನ ಹುಡುಗರು ಬೈಗುಳವನ್ನು ಮೊಬೈಲಿನಲ್ಲಿ ಹಿಡಿದು, ಹಿಂದೆ ಡೊಳ್ಳಿನ ಸದ್ದು ಸೇರಿಸಿ, ದಾಂಡೇಲಿ-ಜೋಯಿಡಾದವರೆಗೂ ವಾಟ್ಸಾಪಿನಲ್ಲಿ ಹರಿಬಿಟ್ಟರು. ಸಿದ್ದಲಿಂಗ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದ, "ನಮ್ಮವ್ವ ಯಾರ ಕಡಿ ಅಂತ ಈಗ ತಿಳೀತಿಲ್ಲೋ?"

ತಿಳಿದದ್ದು ಎಂಟು ದಿನದ ಮೇಲೆ. ಕುಕ್ಕರಿನ ಕಡೆಯ ಮಹಾಬಳೇಶ್ವರನದು ಊರಿಗೆ ಇರುವ ಒಂದೇ ಹಿಟ್ಟಿನ ಗಿರಣಿ. ಅವನು ಅದರ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದ: "ಮಂಚದವರ ಕಾಳು ಬೀಸುವುದಿಲ್ಲ." ಮಂಚದ ಮನೆಗಳ ಹೆಂಗಸರು ಜೋಳದ ಬುಟ್ಟಿ ಹೊತ್ತು ಹಾಗೇ ತಿರುಗಿ ಬಂದರು. ಮನೆಯಲ್ಲಿ ರೊಟ್ಟಿಯಿಲ್ಲ. ಜ್ಯೋತಿಬಾ ಎಲೆ-ಅಡಿಕೆ ತಂದ, ಈರಕ್ಕ ಈ ಸಲ ಯೋಚಿಸಲೂ ಇಲ್ಲ, ತೆಗೆದುಕೊಂಡಳು. ಮೂರನೆಯ ದಿನ ಅದೇ ಕಟ್ಟೆ, ಅದೇ ಗಂಟಲು, ಅದೇ ಮಾತು, ಅದೇ ಹತ್ತು ನೆಟಿಗೆ. ಮಧ್ಯಾಹ್ನದ ಹೊತ್ತಿಗೆ ಗಿರಣಿಯ ಬೆಲ್ಟು ಹರಿಯಿತು. ಮಹಾಬಳೇಶ್ವರ ರಟ್ಟನ್ನು ಬಿಚ್ಚಿ ಒಲೆಗೆ ಹಾಕಿ, ಬೇರೆ ಬೆಲ್ಟು ಏರಿಸಿ, ಮಂಚದ ಮನೆಗಳ ಜೋಳವನ್ನೇ ಮೊದಲು ಬೀಸಿದ.

ಅವತ್ತು ಸಂಜೆ ಅಂದಾನೆಪ್ಪ ಮುಖ ಊದಿಸಿಕೊಂಡು ಬಂದ.

"ಈರಕ್ಕಾ, ಇದೇನ್ ನ್ಯಾಯ? ನೀ ನಮ್ಮಾಕಿ ಅಂದಕೊಂಡಿದ್ವಿ."

"ನಾ ನನ್ನ ಎಮ್ಮಿಗೋಳ ಪೈಕಿ ನೋಡಪಾ."

"ಅವರು ಮಾಡಿದ್ದು ಅನ್ಯಾಯ. ನಮ್ಮವರು ಮಾಡಿದ್ದು ಅದಕ್ಕ ಉತ್ತರ. ಎರಡಕ್ಕೂ ಫರಕ ಇಲ್ಲೇನು?"

"ಅವರ ಕೋಳಿ ನಮ್ಮ ಹಿತ್ತಲದಾಗ ಕಾಳ ತಿಂದಿತ್ತು, ಅದಕ್ಕ ಕದ್ದೆ ಅಂತ ಕೋಳಿ ಕಳ್ಳ ಅಂದ್ರ ನಾ ಬಿಟ್ಟೇನೇನೋ? ಅಂಥಾ ಮಾತ ನಲವತ್ತ ವರ್ಷದಾಗ ಎಷ್ಟ ಕೇಳೇನಿ!"

ಅಂದಾನೆಪ್ಪ ಅತ್ತ ಹೋದನೋ ಇಲ್ಲವೋ, ಇತ್ತ ಜ್ಯೋತಿಬಾ ಹಾಜರು. ಖುಷಿಯಿಂದ ಬಂದನೆಂದುಕೊಂಡಿರಾ? ಎಲ್ಲಿಯ ಖುಷಿ! ಅವನ ಕಡೆಯ ಯಾರೋ ಎರಡೂ ಬೈಗುಳಗಳನ್ನು ಮೊಬೈಲಿನಲ್ಲಿ ಅಳೆದಿದ್ದರು. ಮಂಚದವರಿಗೆ ಬಿದ್ದದ್ದು ಹನ್ನೊಂದು ನಿಮಿಷ, ಕುಕ್ಕರಿನವರಿಗೆ ಹತ್ತೇ ನಿಮಿಷ.

"ಅಕ್ಕಾರ, ಒಂದ ಮಿನಿಟ ನಮಗ ಹೆಚ್ಚ ಬಿದ್ದೈತ್ರಿ. ಇದು ಪಕ್ಷಪಾತ ಅಲ್ಲೇನ್ರಿ?"

ಮೊದಲ ಸಲ ನಡುವೆ ಕೆಮ್ಮು ಬಂದಿತ್ತೆಂದು ಈರಕ್ಕ ಹೇಳಿದಳು. ಅವನು ಒಪ್ಪಲಿಲ್ಲ. "ಹಂಗಾರ ನಿಂತಕೋ, ಇನ್ನೂ ಒಂದ ಮಿನಿಟ ಈಗ ನಿನಗ ಬೈದು ಹನ್ನೆರಡ ಪೂರಾ ಮಾಡ್ತೇನಿ" ಎಂದು ಸೆರಗಿಗೆ ಕೈ ಹಾಕಿದಳು. ಅಷ್ಟರಲ್ಲೇ ಹೊರಗೆ ಅವನ ಸೈಕಲ್ ಮೋಟಾರ್ ಸುರುವಾದ ಸದ್ದು ಕೇಳಿಸಿತು.

ಇಷ್ಟಾದ ಮೇಲೆ ಊರಿನ ಎರಡೂ ಕಡೆಯವರು ಒಂದು ಮಾತಿನಲ್ಲಿ ಒಂದಾದರು: ಈರಕ್ಕ ಆ ಕಡೆಯವಳು. ಎರಡೂ ವಾಟ್ಸಾಪ್ ಗುಂಪುಗಳಲ್ಲಿ ಅವಳ ಮೇಲೆ ಬೈಗುಳ ಬಂತು. ರಾಜಶ್ರೀ ಓದಿ ಹೇಳಿದಾಗ ಈರಕ್ಕನಿಗೆ ಸಿಟ್ಟು ಬಂದದ್ದು ಬೈದದ್ದಕ್ಕಲ್ಲ, ಬೈದ ರೀತಿಗೆ. "ಥೂ, ಏನ್ ಬೈಗಳವಾ ಇದು! ಉಪ್ಪಿಲ್ಲ, ಹುಳಿಯಿಲ್ಲ."

ಮತದಾನಕ್ಕೆ ವಾರವಿದೆ ಎನ್ನುವಾಗ, ಒಂದು ನಸುಕಿನಲ್ಲಿ, ಕಾತರಿನಾ ಬಂದಳು.

ಕಾತರಿನಾ ಸಿದ್ದಿ ಜನಾಂಗದವಳು, ಕಾಡಂಚಿನ ಕೊನೆಯ ಮನೆ. ಗಂಡ ಅಂತೋನಿ ದಾಂಡೇಲಿಯಲ್ಲಿ ಗೌಂಡಿ ಕೆಲಸ ಮಾಡುತ್ತಾನೆ, ಶನಿವಾರಕ್ಕೊಮ್ಮೆ ಬರುತ್ತಾನೆ. ಇವಳು ಹಳೆ ಸೀರೆಗಳ ಕೌದಿ ಹೊಲಿಯುತ್ತಾಳೆ, ನಾಟಿಗೆ, ಕಳೆಗೆ ಈರಕ್ಕನ ಹೊಲಕ್ಕೇ ಬರುತ್ತಾಳೆ. ರಸ್ತೆಗೆ ಮುಖವಾಗಿರುವ ತನ್ನ ಗೋಡೆಯ ಮೇಲೆ ಮಂಚದ ಚಿತ್ರ ಬರೆಯಲು ಅವಳು ಬಿಟ್ಟಿದ್ದಳು. ಆ ಕಡೆಗೆ ನಲ್ಲಿ ತರಿಸುತ್ತೇನೆಂದು ಜ್ಯೋತಿಬಾ ಹೇಳಿದ್ದ, ಅದಕ್ಕೆ. ಅಂದು ಅವಳ ಎರಡೂ ಅಂಗೈ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಅವುಗಳ ಮೇಲೆಯೇ ಎಲೆ-ಅಡಿಕೆ.

"ಗ್ವಾಡಿಗೆಲ್ಲಾ ಸಗಣಿ ಬಳದಾರ ಈರಕ್ಕಾ. ಅದು ಇರ್ಲಿ, ತೊಳಕೊಂತೇನಿ. ಬಾಗಲಿಗೆ ಜಾಲಿ ಮುಳ್ಳ ಒಟ್ಟಿ ಹೋಗ್ಯಾರ. ಓಟ ಹಾಕಾಕ ಹೆಂಗ ಬರ್ತಿ ನೋಡ್ತೇವಿ ಅಂತ ಕೂಗಿದ್ರು. ಒಳಗ ನಾ ಒಬ್ಬಾಕಿನ ಇದ್ದೆ. ಕೈಲೇ ಎಳದ ಎಳದ ಹೊರಗ ಬಂದೆ."

ಈರಕ್ಕ ಎಲೆಯನ್ನು ಕಿತ್ತುಕೊಳ್ಳುವಂತೆ ತೆಗೆದುಕೊಂಡಳು. ಆ ಅಂಗೈಗಳಿಗೆ ಅರಿಸಿನ, ಎಣ್ಣೆ ತಾನೇ ಹಚ್ಚಿ ಕಳಿಸಿದಳು.

ಸಗಣಿ ತೆಗೆಯಲು ಕೊಟ್ಟಿಗೆಗೆ ಹೋದರೆ ಬುಟ್ಟಿ ಇರಲಿಲ್ಲ. ಹಿಂದಿನ ದಿನದ ಸಗಣಿಯೂ ಇರಲಿಲ್ಲ. ಮೂರು ಎಮ್ಮೆಗಳ ಸಗಣಿ ತಾನಾಗಿ ನಡೆದುಹೋಗುವಂಥದ್ದಲ್ಲ. ಈರಕ್ಕ ಅಲ್ಲೇ ನಿಂತಳು. ಮುಂಜಾನೆಯ ನಾಷ್ಟಾಕ್ಕೆ ಸಿದ್ದಲಿಂಗ ಉದ್ದ ತೋಳಿನ ಅಂಗಿ ಹಾಕಿಕೊಂಡು ಕುಳಿತಿದ್ದ. ರೊಟ್ಟಿ ಮುರಿಯುವಾಗ ತೋಳು ಮೇಲೆ ಸರಿಯಿತು.

"ಕೈಗೇನ್ ಆಗೇತೋ?"

"ಬೆಕ್ಕ ಪರಚೇತವ್ವಾ."

"ಎರಡೂ ಕೈಗೆ?"

"ಎರಡ ಬೆಕ್ಕ ಇದ್ವು."

"ಕುಕ್ಕರಿನ ಬೆಕ್ಕೇನ್ ಅವು?"

ಸಿದ್ದಲಿಂಗ ರೊಟ್ಟಿಯನ್ನು ನೋಡತೊಡಗಿದ. ರಾಜಶ್ರೀ ಒಲೆಯ ಕಡೆ ತಿರುಗಿದಳು. ಅವಳಿಗೂ ಗೊತ್ತಿತ್ತು ಎಂದಾಯಿತು.

"ನಾನೊಬ್ಬನ ಅಲ್ಲವ್ವಾ, ನಾಕ ಮಂದಿ ಇದ್ವಿ."

"ಹೆಸರ ಹೇಳಬ್ಯಾಡ. ನನ್ನ ಬೈಗಳಕ್ಕ ಹೆಸರ ಬೇಕಾಗಂಗಿಲ್ಲ ಅನ್ನೂದು ನಿನಗ ಗೊತ್ತೈತಿ. ಇನ್ನ ಎರಡ ದಿನ ಐತಿ. ಹೋಗು, ಆಕಿ ಗ್ವಾಡಿ ತೊಳಿ, ತಪ್ಪಾತು ಅನ್ನು. ಯಾರೂ ಕೇಳಂಗಿಲ್ಲ."

"ಪಾರ್ಟಿ ಮರ್ಯಾದಿ ಏನಾಗಬೇಕು?"

"ನಾಕ ಗಂಡಸರು ಹೋಗಿ ಒಬ್ಬ ಹೆಣಮಗಳ ಬಾಗಲಿಗೆ ಮುಳ್ಳ ಒಟ್ಟಿ ಬಂದೀರಿ. ಪಾರ್ಟಿ ಅಂತ, ಮರ್ಯಾದಿ ಅಂತ! ನಾಚಿಕಿ ಆಗಬೇಕು!"

ಅವನು ಎದ್ದು ಹೋದ. ಮಧ್ಯಾಹ್ನ ಅಂದಾನೆಪ್ಪ ಒಂದು ಔಷಧದ ಸೀಸೆ ಹಿಡಿದು ಬಂದ. ಈರಕ್ಕನಿಗೆ ನಾಳಿದ್ದು ಗಂಟಲು ಕಟ್ಟುವುದಿದೆಯಲ್ಲ, ಅದಕ್ಕೆ ಮುಂಚಿತವಾಗಿಯೇ ತಂದಿದ್ದೇನೆ ಅಂದ. ನಾಳಿದ್ದಿನ ಗಂಟಲ ಬೇನೆ ಇವತ್ತೇ ಗೊತ್ತಾಗುವ ವೈದ್ಯ ಇವನೊಬ್ಬನೇ ಎಂದು ಈರಕ್ಕ ಸೀಸೆಯನ್ನು ಎಮ್ಮೆಯ ಬಾನಿಗೆ ಸುರಿದಳು. ಸಂಜೆ ಜ್ಯೋತಿಬಾ ಹಲ್ಲು ಕಿರಿಯುತ್ತ ಬಂದ. "ಅಕ್ಕಾರ, ಎಲ್ಲಾರಿಗೂ ಗೊತ್ತಾಗೇತಿ ಬಿಡ್ರಿ. ಈ ಸಲ ಒಂದ ಹೆಸರ ತಗೋರಿ, ನಮ್ಮ ಜನಕ್ಕ ಸಮಾಧಾನ ಆಕ್ಕತಿ." ಈರಕ್ಕ ಕಸಬರಿಗೆ ಕೈಗೆತ್ತಿಕೊಂಡಳು. "ಬ್ಯಾನರ ಕೊರದವನ ಹೆಸರ ನನಗ ಗೊತ್ತಿತ್ತೋ ಜ್ಯೋತಿಬಾ. ಅದನ್ನ ತಗೊಂಡಿದ್ನೇನು?" ಜ್ಯೋತಿಬಾ ಬಂದ ದಾರಿಗೆ ಸುಂಕವಿಲ್ಲದಂತೆ ಹೋದ.

ಹೊರಗಿನವರಿಗೆ ಹೀಗೆ ಗದರಿಸಿದಳು ಸರಿ, ಒಳಗೆ ಈರಕ್ಕನಿಗೆ ಜೀವವೇ ಇರಲಿಲ್ಲ. ನೀವು ನಾವು ನಂಬುತ್ತೇವೋ ಬಿಡುತ್ತೇವೋ, ಅವಳು ತನ್ನ ಬೈಗುಳವನ್ನು ನಂಬಿದವಳು. ಹತ್ತನೆಯ ನೆಟಿಗೆ ಮುರಿದರೆ ಅದು ಮನೆ ಹುಡುಕಿಕೊಂಡು ಹೋಗುತ್ತದೆ. ಈ ಸಲ ದೂರ ಹೋಗುವುದೇನಿದೆ? ಕಟ್ಟೆಯಿಂದ ಎಡಕ್ಕೆ ತಿರುಗಿದರೆ ಮೂರನೆಯ ಮನೆ. ಅಲ್ಲಿ ಏಳು ವರ್ಷಕ್ಕೆ ನಿಂತ ಬಸಿರು.

ಮರುದಿನ ಹಾಲು ಕರೆಯುವಾಗ ಎಮ್ಮೆಯ ಮುಂದೆ ಸ್ವಲ್ಪ ಹಗುರದ ಬೈಗುಳವೊಂದನ್ನು ಅಭ್ಯಾಸ ಮಾಡಿ ನೋಡಿದಳು. "ಕೈ ಮುರದ ಬೀಳ್ಲಿ" ಇದ್ದಲ್ಲಿ "ಕೈ ಒಂದೀಟ ಉಳಕಲಿ." "ತುತ್ತ ಗಂಟಲದಾಗ ನಿಲ್ಲಲಿ" ಇದ್ದಲ್ಲಿ "ಬಿಕ್ಕು ಬರ್ಲಿ." "ಮನಿ ದೀಪ ಆರ್ಲಿ" ಎಂಬಲ್ಲಿ ಬಹಳ ಹೊತ್ತು ತಡವರಿಸಿ "ದೀಪ ತುಸು ಸಣ್ಣ ಆಗ್ಲಿ" ಅಂದಳು. ಎಮ್ಮೆ ಕಿವಿ ಕೂಡ ಅಲುಗಿಸಲಿಲ್ಲ. ಅವಳಿಗೇ ನಾಚಿಕೆಯಾಯಿತು. ಮಂದಿಯ ಮಕ್ಕಳಿಗಾದರೆ ಮುರಿಯಬೇಕು, ತನ್ನ ಮಗನಿಗಾದರೆ ಉಳುಕಬೇಕು! ಹಾಗಾದರೆ ತನಗೂ ಆ ಅಂದಾನೆಪ್ಪನಿಗೂ ಏನು ವ್ಯತ್ಯಾಸ? ಆದರೆ ಎದುರಿಗೆ ಅಂಗಳ ಗುಡಿಸುತ್ತಿದ್ದ ರಾಜಶ್ರೀ ನಡು ಹಿಡಿದು ನೆಟ್ಟಗಾದಾಗ ಈರಕ್ಕನ ಕೈ ಕೆಚ್ಚಲ ಮೇಲೆಯೇ ನಿಂತುಬಿಟ್ಟಿತು.

ಮೂರನೆಯ ದಿನ ಕಟ್ಟೆಯ ಸುತ್ತ ಜನವೋ ಜನ. ಪಕ್ಕದ ಊರುಗಳಿಂದ ಬಂದಿದ್ದರು, ಹಳಿಯಾಳದ ಸಂತೆಗೆ ಹೊರಟವರು ಟೆಂಪೋ ನಿಲ್ಲಿಸಿ ಇಳಿದಿದ್ದರು. ಕುಕ್ಕರಿನವರು ಒಂದು ಬದಿ, ಮಂಚದವರು ಒಂದು ಬದಿ, ನಡುವೆ ಶೇಂಗಾ ಮಾರುವವನು. ಅಲ್ಲಲ್ಲಿ ಮೊಬೈಲುಗಳು ಮೇಲೆದ್ದಿದ್ದವು. ಹಿಂದೆ ಬೇಲಿಯ ಹತ್ತಿರ ಸಿದ್ದಲಿಂಗ. ಹೆಂಗಸರ ನಡುವೆ ಕಾತರಿನಾ, ಕೈಗೆ ಬಟ್ಟೆ ಸುತ್ತಿಕೊಂಡು. ಅವಳಿಂದ ನಾಲ್ಕು ಮಾರು ದೂರದಲ್ಲಿ ರಾಜಶ್ರೀ.

ಈರಕ್ಕ ಒದ್ದೆ ಕೂದಲು ಗಂಟು ಕಟ್ಟಿಕೊಂಡು ಮೇಲೆ ಹತ್ತಿದಳು.

"ಹೆಣಮಗಳ ಬಾಗಲಿಗೆ ಮುಳ್ಳ ಒಟ್ಟಿದವನ ಕೈ ಮುರದ ಬೀಳ್ಲಿ! ಮಂದೀ ಬಾಯಿ ಮುಚ್ಚಸಾಕ ಹೋದವನ ತುತ್ತ ಗಂಟಲದಾಗ ನಿಲ್ಲಲಿ! ಅಂವ ನಡದ ದಾರಿ ತುಂಬ ಮುಳ್ಳ ಬೆಳೀಲಿ!"

ಕಟ್ಟೆಯ ಬೇವಿನಲ್ಲಿದ್ದ ಕಾಗೆಗಳು ಎದ್ದುಹೋದವು. ಉಳುಕುವುದಿರಲಿಲ್ಲ, ಬಿಕ್ಕುವುದಿರಲಿಲ್ಲ. ಹತ್ತು ನಿಮಿಷದವರೆಗೆ ಒಂದು ಮಾತೂ ಕೆಳಗೆ ಬೀಳಲಿಲ್ಲ. ದೀಪದ ಮಾತು ಬಂತು. ಈರಕ್ಕ ನಿಂತಳು. ಶೇಂಗಾದವನು ಕೂಡ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿದ. ಅವಳ ಕಣ್ಣು ರಾಜಶ್ರೀಯ ಕಡೆ ಹೋಯಿತು. ರಾಜಶ್ರೀ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಅತ್ತೆಯನ್ನೇ ನೋಡುತ್ತ, ಕಂಡೂ ಕಾಣದ ಹಾಗೆ ಹೂಂ ಎಂದು ತಲೆಯಾಡಿಸಿದಳು. ಈರಕ್ಕ ಕಣ್ಣು ಮುಚ್ಚಿಕೊಂಡಳು.

"ಅವನ ಮನಿ ದೀಪ ಆರ್ಲಿ!"

ಅದಾದ ಮೇಲೆ ಇರುವುದು ಕೊನೆಯ ಮಾತು. ನಲವತ್ತು ವರ್ಷ ಪ್ರತಿ ಸಲವೂ, ಕೋಳಿಗೂ ಪಂಪ್‌ಸೆಟ್ಟಿನ ವೈರಿಗೂ, ಬಾಯಿಪಾಠವಾಗಿ ಹೇಳಿಕೊಂಡು ಬಂದ ಮಾತು. ಅದು ಬಾಯಿಗೆ ಬಂದಾಗಲೇ ಅದರ ಅರ್ಥ ಅವಳಿಗೆ ಹೊಳೆದದ್ದು. ಆದರೂ ನುಂಗಲಿಲ್ಲ. ಉಳಿದೆಲ್ಲ ಮಾತುಗಳಿಗಿಂತ ದೊಡ್ಡ ದನಿಯಲ್ಲಿ ಕೂಗಿದಳು.

"ಇಂಥಾವನ್ನ ಹೆತ್ತಾಕಿ ಹೊಟ್ಯಾಗ ಬೆಂಕಿ ಬೀಳ್ಲಿ!"

ಮಣ್ಣು ತೂರಿದಳು. ಗಾಳಿ ಎದುರಿನಿಂದ ಬೀಸುತ್ತಿತ್ತು, ಮಣ್ಣೆಲ್ಲ ಅವಳ ತಲೆಯ ಮೇಲೇ ಬಿತ್ತು. ಒಂದು, ಎರಡು, ಮೂರು. ಸಿದ್ದಲಿಂಗ ನೆಲ ನೋಡುತ್ತಿದ್ದ. ಏಳು, ಎಂಟು, ಒಂಬತ್ತು. ಎಡಗೈಯ ಕಿರುಬೆರಳು ಮಾತ್ರ ಹಟ ಹಿಡಿಯಿತು. ಎಳೆದಳು, ಸದ್ದಿಲ್ಲ. ಮತ್ತೆ ಎಳೆದಳು, ಇಲ್ಲ. "ಸಾಕ ಬಿಡ ಈರಕ್ಕಾ" ಎಂದು ಜನರ ನಡುವಿನಿಂದ ಯಾರೋ ಅಂದರು. ಅವಳು ಬೆರಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮುರಿದಳು. ಲಟಕ್ ಅಂತು.

ಯಾರೂ ಸೀಟಿ ಹಾಕಲಿಲ್ಲ. ಮೊಬೈಲುಗಳು ಒಂದೊಂದಾಗಿ ಜೇಬು ಸೇರಿದವು. ಜ್ಯೋತಿಬಾನ ಕಡೆಯವರೂ ಚಪ್ಪಾಳೆಗೆ ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡರು.

ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ. ಈರಕ್ಕ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು. ಒಂದು ಗುಟುಕು ನೀರೂ ಬೇಡವೆಂದಳು. ಸಿದ್ದಲಿಂಗ ಮೂಲೆಯಲ್ಲಿ ಕುಳಿತ. ಕೊನೆಗೆ ರಾಜಶ್ರೀ ಕೇಳಿದಳು, "ಅತ್ತೀ, ಇದನ್ನ ತಗಿಯೂ ದಾರಿ ಇಲ್ಲೇನ್ರಿ?"

"ಒಂದ ಐತಿ. ನಮ್ಮ ಕಡಿ ಹಿರ್ಯಾರು ಹೇಳತಿದ್ರು. ಯಾರಿಗೆ ಅನ್ಯಾಯ ಆಗೇತೋ ಅವರ ಮನೀಗೆ ಹೋಗಿ, ಕೇಳಿ, ಅವರ ಕೈಯಾಗಿನ ನೀರ ಕುಡಿಬೇಕು. ಅವರಾಗೇ ಕೊಡಬೇಕು. ನಲವತ್ತ ವರ್ಷದಾಗ ಒಬ್ಬ ಮಗನೂ ಹೋಗಿಲ್ಲ."

ಸಿದ್ದಲಿಂಗ ತಲೆ ಎತ್ತಿದ. "ಸಿದ್ದ್ಯಾರ ಮನಿ ನೀರು ಕುಡೀಬೇಕ?"

ಆಗ ರಾಜಶ್ರೀ ಬಾಯಿ ಬಿಟ್ಟಳು ನೋಡಿ! ಏಳು ವರ್ಷ ಆ ಮನೆಯಲ್ಲಿ ಅತ್ತೆಯ ಗಂಟಲಿನ ಕೆಳಗೆ ಬದುಕಿದವಳು, ಏನೂ ಕಲಿಯದೆ ಇದ್ದಾಳೇ? "ಆಕಿ ನಟ್ಟಿ ಹಚ್ಚಿದ ಅಕ್ಕಿ ಉಣ್ಣಾಕ ಬರ್ತೈತಿ. ಆಕಿ ಹೊಲಿದ ಕೌದಿ ಹೊಚಗೊಂಡ ಮಲಗಾಕ ಬರ್ತೈತಿ. ನೀರ ಇಳಿಯಂಗಿಲ್ಲೇನು ನಿಮ್ಮ ಗಂಟಲದಾಗ? ನಡೀರಿ ಮೊದಲ! ನೀವ ಹೋಗಲಿಲ್ಲಂದ್ರ ನಾ ಹೋಗಿ ಅಲ್ಲೇ ಇರ್ತೇನಿ, ಹೆರೂದೂ ಅಲ್ಲೇ!" ಸಿದ್ದಲಿಂಗ ಎದ್ದ. ಚಪ್ಪಲಿ ಮೆಟ್ಟಲೂ ಮರೆತ. ರಾಜಶ್ರೀ ಹಿಂದೆಯೇ ಹೊರಟಳು.

ಅಲ್ಲಿ ನಡೆದದ್ದನ್ನು ಆಮೇಲೆ ರಾಜಶ್ರೀಯೇ ಹೇಳಿದ್ದು. ಅವನು ಬಾಗಿಲಲ್ಲಿ ನಿಂತು ತಪ್ಪಾಯಿತು ಅಂದನಂತೆ. ಕಾತರಿನಾ ಗೋಡೆಯ ಕಡೆ ಬೆರಳು ಮಾಡಿದಳು. ಅವನು ಕೊಡ ಹೊತ್ತು ನೀರು ತಂದು ಸಗಣಿ ತೊಳೆದ. ಅದರ ಜೊತೆ ಮಂಚವೂ ತೊಳೆದುಹೋಯಿತು. "ಅದನ್ನ ಯಾರ ಬರೀಬೇಕು, ನಿಮ್ಮ ಅಂದಾನೆಪ್ಪೇನು?" ಎಂದಳು ಕಾತರಿನಾ. ಕುಕ್ಕರಿನ ಸಿದ್ದಲಿಂಗ ಇದ್ದಿಲು, ಕೆಮ್ಮಣ್ಣು ತೆಗೆದುಕೊಂಡು ಮಂಚ ಬರೆಯತೊಡಗಿದ. ಮೊದಲನೆಯದು ಆಡಿನ ಹಾಗೆ ಬಂತು. ಅಳಿಸಿದ. ಎರಡನೆಯದರ ನಾಲ್ಕು ಕಾಲು ನಾಲ್ಕು ಉದ್ದ. "ಇದರ ಮ್ಯಾಲೆ ಮಲಕ್ಕೊಂಡ್ರ ಉರಳಿ ಹಳ್ಳಕ್ಕ ಬೀಳ್ತಾರ" ಎಂದು ಅವಳು ಮತ್ತೆ ಅಳಿಸಲು ಹೇಳಿದಳು. ದಾರಿಯಲ್ಲಿ ಹೋಗುವ ಕುಕ್ಕರಿನ ಗೆಳೆಯರು ನೋಡಿ ಮುಖ ತಿರುಗಿಸಿದರು. ಅವರಲ್ಲಿ ಮೂವರು ಸ್ವಲ್ಪ ಮುಂದೆ ಹೋಗಿ, ನಿಂತು, ತಮ್ಮ ತಮ್ಮ ಹೊಟ್ಟೆ ಮುಟ್ಟಿಕೊಂಡು, ತಿರುಗಿ ಬಂದರು. ಒಬ್ಬ ಗೋಡೆಗೆ ಸುಣ್ಣ ಬಳಿದ. ಉಳಿದಿಬ್ಬರು ದಾರಿಯಲ್ಲಿ ಬಿದ್ದ ಜಾಲಿಯ ಮುಳ್ಳನ್ನು ಒಂದೊಂದಾಗಿ ಆರಿಸಿದರು. ಮೂರನೆಯ ಮಂಚ ಅಂತೂ ಮಂಚದಂತೆ ಬಂದಾಗ ಕಾತರಿನಾ ಒಳಗೆ ಹೋಗಿ ನೀರು ತಂದಳು. ಸಿದ್ದಲಿಂಗ ಗಟಗಟ ಕುಡಿದ. ಬಿಸಿಲಿಗೆ ಅಷ್ಟು ಹೊತ್ತು ಗೋಡೆ ಉಜ್ಜಿದವನಿಗೆ ಜಾತಿ ನೆನಪಾಗಲಿಲ್ಲ, ಇನ್ನೊಂದು ತಂಬಿಗೆ ಕೇಳಿದ.

ದೀಪ ಹಚ್ಚುವ ಹೊತ್ತಿಗೆ ರಾಜಶ್ರೀ ಇದನ್ನೆಲ್ಲ ಕೈಬಾಯಿ ತಿರುಗಿಸಿ ಹೇಳುತ್ತಿದ್ದಳು. ಈರಕ್ಕ ಕೇಳಿದಳು, ನಗಲೂ ನಕ್ಕಳು, ಆದರೆ ಕಂಬ ಬಿಟ್ಟು ಏಳಲಿಲ್ಲ, ಅನ್ನದ ತಟ್ಟೆ ಮುಟ್ಟಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಕಾತರಿನಾ. ಬಟ್ಟೆ ಸುತ್ತಿದ ಎರಡೂ ಕೈಯಲ್ಲಿ ತಂಬಿಗೆ ಹಿಡಿದುಕೊಂಡಿದ್ದಳು. ನೇರ ಬಂದು ಈರಕ್ಕನ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತಳು.

"ತಗೋ, ಕುಡಿ."

"ನನಗ್ಯಾಕವಾ? ತಪ್ಪ ಮಾಡಿದಾಂವ ಕುಡದಾನ."

"ಹೆತ್ತಾಕೀಗೂ ಬೈದಿಯಲ್ಲ. ಹಲ್ಲ ಕಚ್ಚಿ ನೆಟಗಿ ಮುರದೀ. ನಾ ನೋಡೇನಿ. ನನ್ನ ಸಲವಾಗಿ ನಿನ್ನ ಹೊಟ್ಟಿಗೆ ನೀನ ಬೆಂಕಿ ಹಾಕ್ಕೊಂ‍ಡಿ. ಕುಡಿ."

ಈರಕ್ಕ ತಂಬಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಬಾಯಿಯವರೆಗೆ ತಂದಳು, ಕೆಳಗಿಳಿಸಿದಳು. ಕಣ್ಣೀರು ಧಾರಾಕಾರ ಸುರಿಯಿತು.

"ನಲವತ್ತ ವರ್ಷ ಕಾತರಿನಾ. ಎಷ್ಟ ಮಂದಿ ಹೆತ್ತಾರಿಗೆ ಬೈದೇನೋ. ಕೋಳಿ ಕದ್ದಾಂವ ಒಬ್ಬ, ಬೆಂಕಿ ಹಾಕಿದ್ದು ಅವರವ್ವನ ಹೊಟ್ಟಿಗೆ. ಅವರಿಗೆಲ್ಲ ಯಾರ ನೀರ ಕೊಟ್ಟಾರು?"

ಕಾತರಿನಾ ಇನ್ನಷ್ಟು ಹತ್ತಿರ ಸರಿದಳು.

"ಯಾರ ಯಾರಂತ ನೆನಪ ಐತೇನು?"

"ಎಲ್ಲಾರೂ ನೆನಪದಾರ."

"ಹಂಗಾರ ನಾಳಿ ಮುಂಜಾನಿ ಕೊಡ ತಗೊಂಡ ಇಬ್ಬರೂ ಹೋಗೂಣು, ಆ ಹೆತ್ತಾರಿಗೆಲ್ಲ ನೀರ ಕೊಡೂಣು. ಮೊದ್ಲ ಮಂಚದವರ ಓಣಿ, ಆಮ್ಯಾಲೆ ಕುಕ್ಕರಿನವರ ಓಣಿ. ಇಲ್ಲಂದ್ರ ಕುಕ್ಕರಿನವರದ ಮೊದಲ, ನೀ ಹೆಂಗಂತಿ ಹಂಗ. ಈಗ ಇದನ್ನ ಕುಡಿ."

ಈರಕ್ಕ ಕುಡಿದಳು, ಒಂದು ಹನಿಯೂ ಬಿಡದೆ.